ಡೌನ್‌ಲೋಡ್ ಏರ್ತಾನೇ ಇದೆ, ಆದ್ರೆ ನಿಜವಾಗ್ಲೂ ಮುಂದೆ ಹೋಗ್ತಿದೀವಾ? ನೀವೆಲ್ಲ ಹೇಗೆ ಅಳೀತೀರಿ?

ಸೂಜಿದಾರ
ಎಲ್ರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ಲೇಡೀಸ್ ಟೈಲರ್‌ಗಳಿಗೆ, ಸಣ್ಣ ಬ್ಯುಟೀಕ್‌ಗಳಿಗೆ ಅಂತ ಒಂದು ಆ್ಯಪ್ ಮಾಡಿದೀವಿ. ಗಿರಾಕಿಯ ಅಳತೆ, ಆರ್ಡರು, ಅಡ್ವಾನ್ಸು, ಡೆಲಿವರಿ ತಾರೀಕು ಎಲ್ಲಾ ಫೋನಲ್ಲೇ ಇಟ್ಕೊಬಹುದು. ದಾವಣಗೆರೆ, ಚಿತ್ರದುರ್ಗ, ತುಮಕೂರು ಕಡೆ ಓಡ್ತಿದೆ, ಬೆಂಗಳೂರಲ್ಲೂ ಸ್ವಲ್ಪ.

ಡೌನ್‌ಲೋಡ್ ಹತ್ತು ಸಾವಿರ ದಾಟ್ತು. ರೇಟಿಂಗ್ ಚೆನ್ನಾಗೇ ಇದೆ. ಪ್ರತಿ ಸೋಮವಾರ ಗ್ರಾಫ್ ತೆಗೆದು ನೋಡಿದ್ರೆ ಗೆರೆ ಮೇಲಕ್ಕೇ ಹೋಗ್ತಿರುತ್ತೆ. ಆದ್ರೆ ಅಂಗಡಿಗೆ ಹೋದಾಗ ಕಾಣೋದೇ ಬೇರೆ. ಕಟಿಂಗ್ ಟೇಬಲ್ ಮೇಲೆ ಅದೇ ಉದ್ದನೇ ನೋಟ್‌ಬುಕ್ಕು, ಪುಟಪುಟಕ್ಕೂ ಬ್ಲೌಸ್ ಪೀಸಿನ ಒಂದು ಚೂರು ಪಿನ್ ಹೊಡೆದಿರ್ತಾರೆ. "ಆ್ಯಪ್ ಹೇಗಿದೆ ಅಕ್ಕಾ?" ಅಂತ ಕೇಳಿದ್ರೆ "ತುಂಬಾ ಚೆನ್ನಾಗಿದೆ ತಮ್ಮಾ" ಅಂತಾರೆ. ಅಷ್ಟರಲ್ಲಿ ಗಿರಾಕಿ ಬಂದ್ರೆ ನೋಟ್‌ಬುಕ್ಕೇ ತೆಗೀತಾರೆ.

ಜೊತೆಗಾರರಲ್ಲಿ ಒಬ್ಬರು ಇನ್ನಷ್ಟು ಫೀಚರ್ ಹಾಕೋಣ ಅಂತಾರೆ, ವಾಟ್ಸಾಪ್ ಕ್ಯಾಟಲಾಗು, ಡಿಸೈನ್ ಗ್ಯಾಲರಿ ಹೀಗೆ. ಇನ್ನೊಬ್ಬರು ಗ್ರಾಫ್ ಚೆನ್ನಾಗಿದೆ, ಈಗಲೇ ಹೂಡಿಕೆದಾರರ ಹತ್ರ ಹೋಗೋಣ ಅಂತಾರೆ. ನನಗೆ ಅದಕ್ಕೂ ಮೊದಲು ಒಂದು ವಿಷಯ ತಿಳೀಬೇಕು: ನಾವು ಮಾಡ್ತಿರೋದರಿಂದ ಯಾರಿಗಾದ್ರೂ ಉಪಯೋಗ ಆಗ್ತಿದೆ ಅಂತ ಯಾವ ಲೆಕ್ಕ ನೋಡಿ ಹೇಳ್ಬೇಕು? ಅನುಭವ ಇರೋರು ದಯವಿಟ್ಟು ಹೇಳಿ.

ಬಯಲುಸೀಮೆ
ದುಡ್ಡು ಕೊಡ್ತಿದಾರಾ?

ಸೂಜಿದಾರ
ಮೊದಲ ತಿಂಗಳು ಉಚಿತ, ಆಮೇಲೆ ತಿಂಗಳಿಗೆ 99 ರೂಪಾಯಿ. ಕೊಡೋರು ಇದಾರೆ. ಡೌನ್‌ಲೋಡ್ ಪಕ್ಕ ಇಟ್ಟು ನೋಡಿದ್ರೆ ತೀರಾ ಕಡಿಮೆ.

ಲೆಕ್ಕದ_ಮೇಷ್ಟ್ರು
ಮೊದಲು ಆ ಗ್ರಾಫ್ ಪಕ್ಕಕ್ಕಿಡಿ. ಒಟ್ಟು ಡೌನ್‌ಲೋಡ್ ಅನ್ನೋ ಗೆರೆ ಇಳಿಯೋಕೆ ಸಾಧ್ಯವೇ ಇಲ್ಲ. ನೀವು ಮೂರೂ ಜನ ಆರು ತಿಂಗಳು ಊರಿಗೆ ಹೋಗಿ ಮಲಗಿದ್ರೂ ಅದು ಏರ್ತಾನೇ ಇರುತ್ತೆ. ಇಳಿಯೋಕೆ ದಾರಿ ಇಲ್ಲದ ಅಂಕಿಯಿಂದ ಏನೂ ತಿಳಿಯಲ್ಲ.

ನೋಡಬೇಕಾದ್ದು ಗುಂಪಿನ ಲೆಕ್ಕ, ಕೋಹಾರ್ಟ್ ಅಂತಾರಲ್ಲ ಅದು. ಯಾವ ತಿಂಗಳು ಸೇರಿದವರು, ಅವರಲ್ಲಿ ನಾಲ್ಕನೇ ವಾರಕ್ಕೂ ಆರ್ಡರ್ ಹಾಕ್ತಿರೋರು ಎಷ್ಟು. ಉದಾಹರಣೆಗೆ ಜನವರಿಯಲ್ಲಿ 100 ಅಂಗಡಿ ಸೇರಿದ್ವು, ನಾಲ್ಕನೇ ವಾರಕ್ಕೆ 12 ಉಳಿದ್ವು ಅಂತಿಟ್ಕೊಳ್ಳಿ. ಫೆಬ್ರವರಿಯಲ್ಲಿ 200 ಸೇರಿದ್ವು, 24 ಉಳಿದ್ವು. ಒಟ್ಟು ಗ್ರಾಫ್ ನೋಡಿದವರು ಎರಡು ಪಟ್ಟು ಬೆಳೆದಿದೀವಿ ಅಂತ ಪೇಡೆ ಹಂಚ್ತಾರೆ. ಗುಂಪಿನ ಲೆಕ್ಕದಲ್ಲಿ ಆ ತಿಂಗಳೂ ಶೇ. 12, ಈ ತಿಂಗಳೂ ಶೇ. 12. ಅಂದ್ರೆ ಮಧ್ಯದಲ್ಲಿ ನೀವು ಕೂತು ಮಾಡಿದ ಬದಲಾವಣೆ ಒಂದೂ ಅಂಗಡಿಯವರಿಗೆ ತಾಗಿಲ್ಲ, ಜಾಹೀರಾತಿಗೆ ಹೆಚ್ಚು ದುಡ್ಡು ಸುರಿದಿದ್ದೀರಿ ಅಷ್ಟೇ.

'ದಿ ಲೀನ್ ಸ್ಟಾರ್ಟಪ್' ಪುಸ್ತಕ ಬರೆದ ಎರಿಕ್ ರೀಸ್ ಅವರ ಕಂಪನಿ ಐಎಂವಿಯು, 3ಡಿ ಗೊಂಬೆಗಳ ಮೂಲಕ ಚಾಟ್ ಮಾಡೋ ಆ್ಯಪ್, 2004ರಲ್ಲಿ ಶುರುವಾಯ್ತು. ಅವರು ಕಲಿತಿದ್ದೂ ಇದನ್ನೇ. ದಿನಕ್ಕೆ ಐದು ಡಾಲರ್ ಜಾಹೀರಾತು ಹಾಕಿ, ದಿನಾ ಹೊಸದಾಗಿ ಬರೋ ನೂರು ಜನರನ್ನ ಒಂದು ಗುಂಪು ಅಂತ ಇಟ್ಕೊಂಡು ನೋಡಿದ್ರು. ತಿಂಗಳುಗಟ್ಟಲೆ ಪ್ರಾಡಕ್ಟ್ ಸುಧಾರಿಸ್ತಾ ಹೋದ್ರೂ ದುಡ್ಡು ಕೊಡೋರ ಪ್ರಮಾಣ ಶೇ. 1ರ ಆಸುಪಾಸಲ್ಲೇ ನಿಂತಿತ್ತು. ಅದು ಕಣ್ಣಿಗೆ ಕಂಡಿದ್ರಿಂದಲೇ ಅವರು ಗಿರಾಕಿಗಳನ್ನ ಆಫೀಸಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ನೋಡೋದನ್ನ ಹೆಚ್ಚು ಮಾಡಿದ್ದು.

ಕುಡ್ಲದ_ಕೋಡರ್
ಗುಂಪಿನ ಲೆಕ್ಕ ಸರಿ ಮೇಷ್ಟ್ರೇ, ಆದ್ರೆ ನಿಮ್ಮ ಉದಾಹರಣೆಯಲ್ಲೇ ಒಂದು ತೊಂದರೆ ಉಂಟು. ನೂರರಲ್ಲಿ 12 ಅಂದ್ರೆ ನಿಜವಾದ ಪ್ರಮಾಣ ಹೆಚ್ಚುಕಡಿಮೆ ಶೇ. 7ರಿಂದ ಶೇ. 20ರ ಒಳಗೆ ಎಲ್ಲಿ ಬೇಕಾದ್ರೂ ಇರಬಹುದು. ಮುಂದಿನ ತಿಂಗಳು 15 ಆಯ್ತು ಅಂತ ಕುಣಿಯೋದೂ ತಪ್ಪು, 10 ಆಯ್ತು ಅಂತ ಅಳೋದೂ ತಪ್ಪು. ಸಣ್ಣ ಕಂಪನಿಯವರು ಶೇಕಡಾ ಲೆಕ್ಕದ ಹಿಂದೆ ಓಡುವುದಕ್ಕಿಂತ ಆ ಹನ್ನೆರಡು ಅಂಗಡಿಗೆ ಫೋನ್ ಮಾಡುವುದು ಒಳ್ಳೆಯದು ಮಾರಾಯ್ರೆ. ಯಾಕೆ ಉಳಿದ್ರು ಅಂತ ಅವರೇ ಹೇಳ್ತಾರೆ.

ಲೆಕ್ಕದ_ಮೇಷ್ಟ್ರು
ಒಪ್ಪಿದೆ. ಆದ್ರೆ ಯಾವ ಹನ್ನೆರಡು ಅಂತ ಗೊತ್ತಾಗೋಕೆ ಗುಂಪು ಮಾಡ್ಲೇಬೇಕಲ್ಲ. ಬಿಟ್ಟು ಹೋದ 88ಕ್ಕೂ ಫೋನ್ ಮಾಡಬೇಕು, ಅದನ್ನ ಯಾರೂ ಮಾಡಲ್ಲ.

ಮೈಸೂರು_ಮಲ್ಲಿಗೆ_22
ಫೋನ್ ಮಾಡಿದ್ರೆ "ಚೆನ್ನಾಗಿದೆ" ಅಂತಾರೆ, ಅದೇ ಅಲ್ವಾ ಇವರ ಸಮಸ್ಯೆ? ಮದುವೆ ಮನೇಲಿ ಊಟ ಹೇಗಿತ್ತು ಅಂತ ಕೇಳಿದ್ರೆ ಯಾರು ಚೆನ್ನಾಗಿಲ್ಲ ಅಂತಾರೆ? ನಮ್ಮ ಜನ ಎದುರಿಗಿರೋರ ಮನಸ್ಸು ನೋಯಿಸಲ್ಲ. ಅಭಿಪ್ರಾಯ ಕೇಳೋದನ್ನೇ ಬಿಡಬೇಕು. ನಡೆದದ್ದನ್ನ ಕೇಳಬೇಕು. "ಕಳೆದ ವಾರ ಯಾವ ಬ್ಲೌಸ್ ತಡ ಆಯ್ತು? ಗಿರಾಕಿ ಬಂದಾಗ ಏನ್ ಹೇಳಿದ್ರಿ? ಆವತ್ತು ಅದು ಎಲ್ಲಿ ಬರ್ಕೊಂಡಿದ್ರಿ?" ಇದಕ್ಕೆ ಮುಖ ನೋಡಿ ಉತ್ತರ ಕೊಡೋಕಾಗಲ್ಲ, ನಡೆದಿದ್ದೇ ಬರುತ್ತೆ. "ಈ ಫೀಚರ್ ಕೊಟ್ರೆ ಬಳಸ್ತೀರಾ" ಅನ್ನೋ ಪ್ರಶ್ನೆ ಮಾತ್ರ ಕೇಳ್ಲೇಬೇಡಿ. ಎಲ್ಲರೂ ಹೂಂ ಅಂತಾರೆ.

ರಾಣೆಬೆನ್ನೂರ_ಅಕ್ಕ
ನಾ ಟೈಲರ್ ಅದೇನ್ರೀ. ರಾಣೆಬೆನ್ನೂರಾಗ ಅಂಗಡಿ ಐತಿ, ಇಬ್ರು ಹುಡುಗ್ಯಾರು ಕೆಲಸಕ್ಕ ಬರ್ತಾರ, ಹುಕ್ಸು ಹೆಮ್ಮಿಂಗು ಓಣ್ಯಾಗಿನ ಹೆಣ್ಮಕ್ಕಳ ಮನಿಗೆ ಕೊಟ್ಟು ಕಳಸ್ತೀವಿ. ನಿಮ್ಮ ಆ್ಯಪ್ ನಾ ಹಾಕ್ಕೊಂಡೇನೋ ಇಲ್ಲೋ ಗೊತ್ತಿಲ್ಲ, ಇಂಥವು ಎರಡು ಮೂರು ನೋಡೇನಿ. ಎಲ್ಲಾದ್ರಾಗೂ ಒಂದ ಕಥಿ. ತಗದ ಕೂಡ್ಲೆ ಅಳತಿ ತುಂಬ್ರಿ ಅಂತಾವ. ಎದಿ ಸುತ್ತಳತಿ, ಸೊಂಟ, ಭುಜ, ತೋಳಿನ ಉದ್ದ, ಮುಂದಿನ ಕುತ್ತಿಗಿ, ಹಿಂದಿನ ಕುತ್ತಿಗಿ, ಹದಿನೈದು ಖಾನೆ.

ನಮಗ ಅಳತಿ ಯಾಕ್ರೀ? ಹತ್ತರಾಗ ಎಂಟು ಮಂದಿ ಅಳತಿ ಬ್ಲೌಸ್ ತಂದು ಕೊಡ್ತಾರ. "ಇದರಂಗ ಹೊಲಿರಿ, ತೋಳು ಒಂದೀಟು ಲೂಸ್ ಬಿಡ್ರಿ" ಅಂತಾರ, ಹೋಗ್ತಾರ. ನಾವು ಆ ಬ್ಲೌಸ್ನ ಬಟ್ಟಿ ಮ್ಯಾಲ ಹಾಸಿ ಕಟ್ ಮಾಡ್ತೀವಿ. ಬರಿಯೂದು ಏನಂದ್ರ ಹೆಸರು, ಯಾವತ್ತು ಕೊಡಬೇಕು, ಅಡ್ವಾನ್ಸ್ ಎಷ್ಟು, ಲೈನಿಂಗ್ ನಮ್ದೋ ಅವರ್ದೋ. ಬಟ್ಟಿ ಚೂರು ಯಾಕ ಚುಚ್ಚತೀವಿ ಅಂದ್ರ, ಲಗ್ನದ ಸೀಜನ್ನಾಗ ಒಂದ ಮನ್ಯಾಗಿಂದ ಆರು ಬ್ಲೌಸ್ ಬಂದಿರ್ತಾವ, ಎಲ್ಲಾ ಹಸರು. ಯಾವ ಹಸರು ಯಾರದು ಅಂತ ಆ ಚೂರು ನೋಡೇ ಹೇಳಬೇಕು. ಫೋಟೋ ತಗದ್ರ ಟ್ಯೂಬ್‌ಲೈಟ್ ಬೆಳಕಿಗೆ ಎಲ್ಲಾ ಒಂದ ಬಣ್ಣ ಕಾಣ್ತಾವ.

ಇನ್ನೊಂದು, ಅಳತಿ ತಗೊಳ್ಳೂ ಮುಂದ ಎರಡೂ ಕೈಯಾಗ ಟೇಪ್ ಇರ್ತೈತಿ. ನಾ ಬಾಯಿಲೆ ಹೇಳ್ತೀನಿ, ಹುಡುಗಿ ಬರ್ಕೊಂತಾಳ. ಫೋನ್ ಅಕಿ ಕೈಯಾಗ ಇರಂಗಿಲ್ಲ, ನನ್ನ ಕಡೆ ಇರ್ತೈತಿ. ಇದನ್ನ ಯಾರೂ ಬಂದು ನೋಡಿಲ್ಲ. ಬರ್ತಾರ, ಐದು ನಿಮಿಷ ನಿಂದ್ರತಾರ, ಡೆಮೋ ತೋರಿಸ್ತಾರ, ಹೋಗ್ತಾರ. ಒಂದಿನ ಸಂಜಿ ಐದರಿಂದ ಎಂಟರ ತನಕ ಅಂಗಡ್ಯಾಗ ಸುಮ್ನ ಕೂತ್ರ ಎಲ್ಲಾ ತಿಳಿತೈತಿ.

ಸೂಜಿದಾರ
ಅಕ್ಕಾ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ನಮ್ಮ ಆ್ಯಪಲ್ಲೂ ಮೊದಲು ತೆರೆಯೋದು ಅಳತೆ ಪುಟವೇ. ಹದಿನಾಲ್ಕು ಖಾನೆ ಇದೆ. ಒಂದು ಕೇಳ್ಲಾ, ಒಂದು ದಿನಕ್ಕೆ ಎಷ್ಟು ಸಲ ನೋಟ್‌ಬುಕ್ ತೆಗೆದು *ಓದ್ತೀರಿ*? ಬರೆಯೋದಲ್ಲ, ಹಳೇದು ತೆಗೆದು ಹುಡುಕೋದು.

ರಾಣೆಬೆನ್ನೂರ_ಅಕ್ಕ
ಬೆಳಿಗ್ಗಿ ಒಮ್ಮೆ, ಇವತ್ತು ಏನೇನು ಕೊಡೂದೈತಿ ಅಂತ. ಆಮ್ಯಾಲ ಯಾರರ ಫೋನ್ ಮಾಡಿ "ನಂದು ಆತೇನ್ರೀ" ಅಂದಾಗ. ಅವಾಗ ಪುಟ ತಿರುವಿ ತಿರುವಿ ಸಾಕಾಗ್ತೈತಿ, ಹೊಲಿಗಿ ಬಿಟ್ಟು ಏಳಬೇಕಲ್ಲ.

ಕುಡ್ಲದ_ಕೋಡರ್
ನೋಡಿ, ಇದೇ ನಾನು ಹೇಳಿದ್ದು. ಒಂದು ಅಂಗಡಿಯವರು ಮಾತಾಡಿದ್ರು, ಹತ್ತು ಸಾವಿರ ಡೌನ್‌ಲೋಡ್ ಹೇಳದ್ದು ಹೊರಗೆ ಬಂತು.

ಬಯಲುಸೀಮೆ
ಸ್ವಲ್ಪ ತಾಳಿ. ಒಂದು ಅಂಗಡಿ ಹೇಳಿದ್ದು ಒಂದು ಅಂಗಡಿ ಹೇಳಿದ್ದಷ್ಟೇ. ಬೆಂಗಳೂರಿನ ಡಿಸೈನರ್ ಬ್ಯುಟೀಕ್‌ನವರು ಪ್ರತಿಯೊಬ್ಬರದೂ ಅಳತೆ ತಗೊಳ್ತಾರೆ, ಟ್ರಯಲ್ ಕೊಡ್ತಾರೆ, ಎರಡು ವರ್ಷದ ಹಿಂದಿನ ಅಳತೆಯನ್ನೂ ಇಟ್ಕೊಂಡಿರ್ತಾರೆ. ಅಮೆರಿಕದಲ್ಲಿರೋ ಗಿರಾಕಿ ಅಲ್ಲಿಂದಲೇ ಆರ್ಡರ್ ಕೊಡ್ತಾರೆ. ಅವರಿಗೆ ಅಳತೆ ಪುಟವೇ ಜೀವಾಳ. ಅಕ್ಕನ ಮಾತು ಕೇಳಿ ಅದನ್ನ ಕಿತ್ತು ಹಾಕಿದ್ರೆ ಈಗ ದುಡ್ಡು ಕೊಡ್ತಿರೋರೂ ಹೋಗಬಹುದು.

ಲೆಕ್ಕದ_ಮೇಷ್ಟ್ರು
ಬಯಲುಸೀಮೆಯವರು ಹೇಳಿದ್ದು ಸರಿಯಾದ ಪ್ರಶ್ನೆ, ಮತ್ತೆ ಅದಕ್ಕೆ ಉತ್ತರ ಇವರ ಹತ್ರ ಈಗಾಗಲೇ ಇದೆ. ಸೂಜಿದಾರ, ನಿಮ್ಮ ಡೇಟಾಬೇಸ್ ತೆಗೀರಿ. ಮೊದಲ ವಾರ ಅಳತೆ ಮಾತ್ರ ತುಂಬಿದ ಅಂಗಡಿಗಳು ಒಂದು ಕಡೆ, ಡೆಲಿವರಿ ತಾರೀಕು ಹಾಕಿದ ಅಂಗಡಿಗಳು ಇನ್ನೊಂದು ಕಡೆ. ನಾಲ್ಕನೇ ವಾರಕ್ಕೆ ಯಾವ ಕಡೆಯವರು ಹೆಚ್ಚು ಉಳಿದಿದಾರೆ ನೋಡಿ. ಊರುವಾರು ಬೇರೆ ಮಾಡಿ.

ಹಳೇ_ಕಂಪನಿ
ಗಿರಾಕಿಗಳಿಂದ ಕಲೀಬೇಕು, ಕಲಿಕೆ ಮುಖ್ಯ ಅನ್ನೋ ಮಾತನ್ನ ಸ್ವಲ್ಪ ಹುಷಾರಾಗಿ ಆಡಬೇಕು. ದುಡ್ಡೆಲ್ಲ ಖರ್ಚಾದ ಮೇಲೆ "ನಾವು ತುಂಬಾ ಕಲಿತ್ವಿ" ಅನ್ನೋ ತಂಡಗಳನ್ನ ನೋಡಿದೀನಿ. ಏನು ಕಲಿತ್ರಿ ಅಂದ್ರೆ ಉತ್ತರ ಇರಲ್ಲ. ನನ್ನ ಪ್ರಕಾರ ಅಳತೆಗೋಲು ಒಂದೇ: ಬ್ಯಾಂಕಿಗೆ ಬಂದ ದುಡ್ಡು. ಉಳಿದದ್ದೆಲ್ಲ ಮನಸ್ಸಿನ ಸಮಾಧಾನಕ್ಕೆ.

ಮೈಸೂರು_ಮಲ್ಲಿಗೆ_22
ದುಡ್ಡೂ ಸುಳ್ಳು ಹೇಳುತ್ತೆ ಸರ್. ಯುಪಿಐ ಆಟೋಪೇ 2020ರಲ್ಲಿ ಬಂದ ಮೇಲೆ ಸಣ್ಣ ಮೊತ್ತದ ಚಂದಾ ಎಲ್ಲಾ ತಾನಾಗೇ ಕಟ್ ಆಗ್ತಿದೆ. 99 ರೂಪಾಯಿ ಹೋಗಿದ್ದು ಎಷ್ಟೋ ಜನ ಗಮನಿಸೋದೇ ಇಲ್ಲ. ಆ್ಯಪ್ ಕೊನೇ ಸಲ ತೆರೆದು ಎರಡು ತಿಂಗಳಾಗಿರುತ್ತೆ, ದುಡ್ಡು ಮಾತ್ರ ಬರ್ತಿರುತ್ತೆ. ಅವರು ಗಮನಿಸಿದ ದಿನ ಒಂದೇ ಸಲ ಹೋಗ್ತಾರೆ, ಬೈದುಕೊಂಡು ಹೋಗ್ತಾರೆ. ದುಡ್ಡು ಕೊಟ್ಟೂ ಬಳಸದೇ ಇರೋರ ಪಟ್ಟಿ ಪ್ರತಿ ವಾರ ತೆಗೀಬೇಕು, ಮೊದಲು ಅವರಿಗೇ ಫೋನ್ ಮಾಡಬೇಕು.

ಹಳೇ_ಕಂಪನಿ
ಇದು ನ್ಯಾಯವಾದ ಮಾತು. ಆದ್ರೂ ನನ್ನ ಪ್ರಶ್ನೆ ಹಾಗೇ ಇದೆ. ಕಲಿತಿದ್ದು ನಿಜ ಅಂತ ಹೇಗೆ ತೋರಿಸ್ತೀರಿ?

ಲೆಕ್ಕದ_ಮೇಷ್ಟ್ರು
ಮೊದಲೇ ಬರೆದಿಟ್ಟು. ಬದಲಾವಣೆ ಮಾಡೋಕೆ ಮುಂಚೆ ಒಂದು ಹಾಳೆ ಮೇಲೆ ಬರೀಬೇಕು: "ಇದು ಮಾಡಿದ್ರೆ ಇಂಥ ಅಂಕಿ ಇಷ್ಟರಿಂದ ಇಷ್ಟಕ್ಕೆ ಹೋಗುತ್ತೆ, ಹೋಗದಿದ್ರೆ ನಮ್ಮ ಊಹೆ ಸುಳ್ಳು." ಆಮೇಲೆ ಫಲಿತಾಂಶ ನೋಡಿ ಕಥೆ ಕಟ್ಟಿದ್ರೆ ಅದು ಕಲಿಕೆ ಅಲ್ಲ.

ನೀವು ದುಡ್ಡಿನ ಮಾತು ಎತ್ತಿದ್ರಿ ಅಂತ ಹೇಳ್ತೀನಿ. ಅದೇ ಐಎಂವಿಯುದವರು ಶುರುವಲ್ಲಿ ತಿಂಗಳ ಆದಾಯದ ಗುರಿ ಇಟ್ಕೊಂಡಿದ್ದು 300 ಡಾಲರ್. ಮುಂದಿನ ತಿಂಗಳು 350, ಆಮೇಲೆ 400. ಆ ದುಡ್ಡಲ್ಲಿ ಒಬ್ಬರ ಸಂಬಳವೂ ಹುಟ್ಟಲ್ಲ. ಆದ್ರೆ ಗುರಿ ಇದ್ದಿದ್ರಿಂದ ಯಾಕೆ ಮುಟ್ಟಲಿಲ್ಲ ಅಂತ ಕೇಳಿಕೊಳ್ಳಲೇಬೇಕಾಯ್ತು. ಅವರ ಮೂಲ ಆಲೋಚನೆ ಏನಿತ್ತು ಅಂದ್ರೆ, ಜನ ಈಗಾಗಲೇ ಬಳಸ್ತಿರೋ ಚಾಟ್ ಆ್ಯಪ್‌ಗಳಿಗೆ ಇವರ 3ಡಿ ಗೊಂಬೆಗಳನ್ನ ಜೋಡಿಸೋದು. ಅದಕ್ಕೆ ಆರು ತಿಂಗಳು ಕೋಡ್ ಬರೆದಿದ್ರು. ಹುಡುಗ ಹುಡುಗಿಯರನ್ನ ಕೂರಿಸಿ "ನಿನ್ನ ಗೆಳೆಯರನ್ನ ಕರಿ" ಅಂದ್ರೆ ಅವರು ಕರೀತಾನೇ ಇರಲಿಲ್ಲ. ಇದು ಚೆನ್ನಾಗಿದೆಯೋ ಇಲ್ಲವೋ ಗೊತ್ತಿಲ್ಲದೆ ಗೆಳೆಯರ ಮುಂದೆ ಇಟ್ಟು ಮರ್ಯಾದೆ ಕಳ್ಕೊಳ್ಳೋಕೆ ಯಾರೂ ತಯಾರಿರಲಿಲ್ಲ. ಅಪರಿಚಿತರ ಜೊತೆ ಮಾತಾಡೋಕೆ ಮಾತ್ರ ಖುಷಿಯಾಗಿ ಒಪ್ಪಿದ್ರು. ಜೋಡಿಸೋ ಕೋಡ್ ಪೂರ್ತಿ ಎಸೆಯಬೇಕಾಯ್ತು.

ಫ್ರೀಮಾಂಟ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಕ್ವಿಬಿ ಅಂತ ಒಂದು ವಿಡಿಯೋ ಆ್ಯಪ್ ಬಂದಿತ್ತು, ನೆನಪಿದೆಯಾ? ಸುಮಾರು 175 ಕೋಟಿ ಡಾಲರ್ ಬಂಡವಾಳ ಎತ್ತಿದ್ರು. 2020ರ ಏಪ್ರಿಲಲ್ಲಿ ಶುರು, ಅದೇ ವರ್ಷ ಡಿಸೆಂಬರಲ್ಲಿ ಮುಚ್ಚಿದ್ರು. ಮೊದಲ ದಿನಗಳ ಡೌನ್‌ಲೋಡ್ ಭರ್ಜರಿಯಾಗೇ ಇತ್ತು. ಉಚಿತ ಅವಧಿ ಮುಗಿದಾಗ ಉಳಿದವರು ಕಡಿಮೆ. ಹೂಡಿಕೆದಾರರ ಹತ್ರ ಈಗಲೇ ಹೋಗೋಣ ಅನ್ನೋ ನಿಮ್ಮ ಜೊತೆಗಾರರಿಗೆ ಇದನ್ನ ಹೇಳಿ.

ಧಾರವಾಡ_ಪೇಡೆ
ಅಷ್ಟು ದೂರ ಯಾಕ, ನಮ್ಮ ಬೆಂಗಳೂರಿನ ರೆಡ್‌ಬಸ್ ನೋಡ್ರಿ. 2005ರ ದೀಪಾವಳಿಗೆ ಫಣೀಂದ್ರ ಸಾಮಾ ಅವರಿಗೆ ಹೈದರಾಬಾದಿಗೆ ಬಸ್ ಟಿಕೆಟ್ ಸಿಗಲಿಲ್ಲ, ಅಲ್ಲಿಂದ ಶುರು ಆತು. ಮೊದಲ ಅವರು ಮಾಡಿದ್ದು ಬಸ್ ಮಾಲಕರಿಗೆ ಸಾಫ್ಟ್‌ವೇರ್. ಮಾಲಕರು ಆಸಕ್ತಿ ತೋರಿಸಲಿಲ್ಲ. ಅವರಿಗೆ ಬೇಕಾಗಿದ್ದು ಸೀಟು ತುಂಬೂದು. ಆವಾಗ ಸಾಫ್ಟ್‌ವೇರ್ ಬದಿಗಿಟ್ಟು ಅವರ ಸೀಟುಗಳನ್ನ ಮಾರಾಕ ಹತ್ತಿದ್ರು, 2006ರಾಗ. ಟಿಕೆಟ್ ಮಾರಿ ಕೊಟ್ಟ ಮ್ಯಾಲ ಮಾಲಕರು ತಾವ ಕೇಳ್ಕೊಂಡು ಬಂದ್ರು. 2013ರಾಗ ಐಬಿಬೊ ಗುಂಪು ಕೊಂಡುಕೊಂತು. ಮಾಲಕರು ಸಾಫ್ಟ್‌ವೇರ್ ಬ್ಯಾಡ ಅಂದಿದ್ದ ಅವರಿಗೆ ಸಿಕ್ಕ ದೊಡ್ಡ ಮಾಹಿತಿ.

ಹಳೇ_ಕಂಪನಿ
ಗೆದ್ದವರ ಕಥೆ ಮಾತ್ರ ಹೇಳ್ತಿದೀರಿ. ಬೇಡ ಅಂದಿದ್ದು ಕೇಳಿ ದಾರಿ ಬದಲಿಸಿ, ಆಮೇಲೂ ಮುಳುಗಿದವರು ಲೆಕ್ಕಕ್ಕೇ ಸಿಗಲ್ಲ.

ಧಾರವಾಡ_ಪೇಡೆ
ಖರೇ. ಹಂಗಂತ ಕೇಳದ ಮುಳುಗೂದಕ್ಕಿಂತ ಕೇಳಿ ಮುಳುಗೂದು ಲಗೂ ಆಗ್ತೈತಿ, ಕಡಿಮಿ ಖರ್ಚಿನಾಗ ಆಗ್ತೈತಿ.

ಆಟೋ_ಪ್ರಯಾಣಿಕ
ಬೆಂಗಳೂರಿನ ವಿಷಯ ಬಂತು ಅಂತ ಹೇಳ್ತಿದೀನಿ, 'ನಮ್ಮ ಯಾತ್ರಿ' ಅನ್ನೋ ಆಟೋ ಆ್ಯಪ್ ನೋಡಿ. 2022ರಲ್ಲಿ ಬಂತು. ಎಷ್ಟು ಜನ ಆಟೋ ಹುಡುಕಿದ್ರು, ಎಷ್ಟು ಸವಾರಿ ಮುಗೀತು ಅಂತ ಎರಡನ್ನೂ ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿದಾರೆ. ಹುಡುಕಿದವರ ಸಂಖ್ಯೆ ಮಾತ್ರ ಹಾಕಿದ್ರೆ ದೊಡ್ಡದಾಗಿ ಕಾಣ್ತಿತ್ತು. ಮುಗಿದ ಸವಾರಿಯನ್ನ ಪಕ್ಕದಲ್ಲೇ ಇಟ್ಟಿದ್ದು ನನಗೆ ತುಂಬಾ ಹಿಡಿಸ್ತು.

ಬಯಲುಸೀಮೆ
ಹುಡುಕೋದು ಸರಿ, ಮಳೆ ಬಂದ್ರೆ ಸಿಗೋದೇ ಇಲ್ಲ.

ಆಟೋ_ಪ್ರಯಾಣಿಕ
ಅದು ಎಲ್ಲಾ ಆ್ಯಪಲ್ಲೂ ಇದ್ದಿದ್ದೇ. ಆದ್ರೆ ಚಾಲಕರಿಂದ ಕಮಿಷನ್ ಇಲ್ಲ. 2023ರಿಂದ ದಿನಕ್ಕೆ 25 ರೂಪಾಯಿ ಶುಲ್ಕದ ಲೆಕ್ಕ ಬಂತು. ಚಾಲಕರ ಪಾಲಿಗೆ ಅದು ದೊಡ್ಡ ವ್ಯತ್ಯಾಸ.

ಕುಡ್ಲದ_ಕೋಡರ್
ಮಂಗಳೂರಲ್ಲಿ ನಾವು ಇವತ್ತಿಗೂ ಸ್ಟ್ಯಾಂಡಿಗೆ ಹೋಗಿಯೇ ಆಟೋ ಹಿಡಿಯುವುದು, ಮೀಟರಿಗೆ ಬರ್ತಾರೆ.

ನಿರ್ವಾಹಕ
ಆಟೋ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ಸೂಜಿದಾರ
ಮೇಷ್ಟ್ರು ಹೇಳಿದ ಹಾಗೆ ಡೇಟಾ ಬೇರೆ ಬೇರೆ ಮಾಡಿ ನೋಡಿದ್ವಿ. ಮೊದಲ ವಾರ ಡೆಲಿವರಿ ತಾರೀಕು ಹಾಕಿದ ಅಂಗಡಿಗಳು ಸ್ಪಷ್ಟವಾಗಿ ಹೆಚ್ಚು ಉಳಿದಿವೆ. ಅಳತೆ ಮಾತ್ರ ತುಂಬಿದವು ಹೆಚ್ಚಿನವು ಎರಡನೇ ವಾರಕ್ಕೇ ನಿಂತು ಹೋಗಿವೆ. ಬಯಲುಸೀಮೆಯವರು ಹೇಳಿದ್ದೂ ನಿಜ, ಬೆಂಗಳೂರಿನ ಕೆಲವು ಬ್ಯುಟೀಕ್‌ಗಳಲ್ಲಿ ಅಳತೆ ಪುಟ ದಿನಾ ತೆರೆದಿದೆ. ಆದ್ರೆ ಅವು ಬೆರಳೆಣಿಕೆ.

ಈಗ ಆ್ಯಪ್ ತೆಗೆದ ಕೂಡಲೇ "ಇವತ್ತು ಕೊಡಬೇಕಾದ್ದು" ಅನ್ನೋ ಪಟ್ಟಿ ಬರೋ ಹಾಗೆ ಮಾಡೋಣ ಅಂತ ಇದೀವಿ. ಅಳತೆ ಒಳಗೆ ಹೋಗುತ್ತೆ. ಇದು ಸರಿ ಹೆಜ್ಜೆನಾ?

ಲೆಕ್ಕದ_ಮೇಷ್ಟ್ರು
ಒಳ್ಳೇ ಸುಳಿವು, ಆದ್ರೆ ಇನ್ನೂ ಪುರಾವೆ ಅಲ್ಲ. ತಾರೀಕು ಹಾಕಿದ್ರಿಂದ ಉಳಿದ್ರೋ, ಅಥವಾ ಕೆಲಸ ಜಾಸ್ತಿ ಇರೋ ಅಂಗಡಿಯವರೇ ತಾರೀಕು ಹಾಕ್ತಾರೋ? ಎರಡನೆಯದಾದ್ರೆ ನೀವು ಪುಟ ಬದಲಿಸಿದ್ರೂ ಖಾಲಿ ಅಂಗಡಿಯವರು ಉಳಿಯಲ್ಲ. ಹೊಸದಾಗಿ ಸೇರೋರಲ್ಲಿ ಅರ್ಧ ಜನಕ್ಕೆ ಹೊಸ ಪುಟ, ಅರ್ಧ ಜನಕ್ಕೆ ಹಳೇದು ತೋರಿಸಿ. ಯಾರಿಗೆ ಯಾವುದು ಅನ್ನೋದನ್ನ ನೀವು ಆರಿಸಬೇಡಿ, ಕಂಪ್ಯೂಟರ್ ಆರಿಸಲಿ.

ರಾಣೆಬೆನ್ನೂರ_ಅಕ್ಕ
ಯಾವ ತಿಂಗಳಾಗ ಮಾಡ್ತೀರಿ ಅದನ್ನ ನೋಡ್ಕೋರಿ. ಆಷಾಢದಾಗ ಲಗ್ನ ಇಲ್ಲ, ಅಂಗಡಿ ಖಾಲಿ. ಶ್ರಾವಣ ಹತ್ತಿತಂದ್ರ ವರಮಹಾಲಕ್ಷ್ಮಿ, ಆಮ್ಯಾಲ ಗೌರಿ ಗಣೇಶ, ಉಸಿರಾಡಾಕ ಪುರಸತ್ತಿಲ್ಲ. ಆಷಾಢದಾಗ ಸೇರಿದವರು ಆ್ಯಪ್ ತಗಿಯಂಗಿಲ್ಲ, ಅದು ನಿಮ್ಮ ತಪ್ಪಲ್ಲ. ಶ್ರಾವಣದಾಗ ಸೇರಿದವರು ತಗೀತಾರ, ಅದು ನಿಮ್ಮ ಜಾಣತನ ಅಲ್ಲ. ಮತ್ತ ಹಬ್ಬದ ಹಿಂದಿನ ವಾರ ಹೊಸಾದು ಕಲಸಾಕ ಬರಬ್ಯಾಡ್ರಿ, ಬೈಸ್ಕೊಂತೀರಿ.

ಲೆಕ್ಕದ_ಮೇಷ್ಟ್ರು
ಅಕ್ಕಾ, ನಾನು ಮೇಲೆ ಬರೆದ ಜನವರಿ ಫೆಬ್ರವರಿ ಹೋಲಿಕೆಗೆ ಈ ಮಾತು ಸೇರಿಸಲೇಬೇಕು. ಒಂದು ತಿಂಗಳ ಗುಂಪನ್ನ ಇನ್ನೊಂದು ತಿಂಗಳ ಗುಂಪಿನ ಜೊತೆ ಹೋಲಿಸೋದು ಈ ಕಸುಬಲ್ಲಿ ದಾರಿ ತಪ್ಪಿಸುತ್ತೆ. ಒಂದೇ ವಾರ ಸೇರಿದವರನ್ನ ಎರಡು ಭಾಗ ಮಾಡಿದ್ರೆ ಆಷಾಢ ಇಬ್ಬರಿಗೂ ಒಂದೇ, ಶ್ರಾವಣ ಇಬ್ಬರಿಗೂ ಒಂದೇ.

ಕುಡ್ಲದ_ಕೋಡರ್
ಅರ್ಧ ಅರ್ಧ ಮಾಡುವಷ್ಟು ಹೊಸ ಅಂಗಡಿಗಳು ವಾರಕ್ಕೆ ಬರ್ತಾವಾ? ಬಾರದಿದ್ರೆ ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ನಾನಾದ್ರೆ ಕೋಡನ್ನೇ ಬರೆಯುವುದಿಲ್ಲ. ನಾಲ್ಕೈದು ಅಂಗಡಿ ಹಿಡಿಯಿರಿ, ಅವರ ನೋಟ್‌ಬುಕ್ ಪುಟದ ಫೋಟೋ ದಿನಾ ರಾತ್ರಿ ತರಿಸಿಕೊಳ್ಳಿ, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು "ಇವತ್ತು ಕೊಡಬೇಕಾದ್ದು" ಅಂತ ನೀವೇ ಟೈಪ್ ಮಾಡಿ ವಾಟ್ಸಾಪಲ್ಲಿ ಕಳಿಸಿ. ಒಂದು ದಿನ ಬೇಕಂತಲೇ ಕಳಿಸಬೇಡಿ. "ಎಲ್ಲಿ ತಮ್ಮಾ ಪಟ್ಟಿ" ಅಂತ ಅವರಾಗಿ ಕೇಳಿದ್ರೆ ಕೋಡ್ ಬರೆಯಿರಿ. ಯಾರೂ ಕೇಳದಿದ್ರೆ ಬೇಡ.

ಮೈಸೂರು_ಮಲ್ಲಿಗೆ_22
ಇದು ತುಂಬಾ ಚೆನ್ನಾಗಿದೆ. ಸ್ಟಾರ್ಟಪ್‌ಗಳಿಗೆ ಸಲಹೆ ಕೊಡೋ ಷಾನ್ ಎಲ್ಲಿಸ್ ಅವರ ಒಂದು ಪ್ರಶ್ನೆ ಇದೆಯಲ್ಲ, "ನಾಳೆಯಿಂದ ಇದು ಇಲ್ಲ ಅಂದ್ರೆ ನಿಮಗೆ ಎಷ್ಟು ಬೇಜಾರಾಗುತ್ತೆ" ಅಂತ? ಶೇ. 40ರಷ್ಟು ಜನ "ತುಂಬಾ ಬೇಜಾರು" ಅಂದ್ರೆ ಪ್ರಾಡಕ್ಟ್ ಗಟ್ಟಿ ಅಂತ ಅವರ ಲೆಕ್ಕ. ನಮ್ಮಲ್ಲಿ ಹಾಗೆ ಬಾಯಿಬಿಟ್ಟು ಕೇಳಿದ್ರೆ ನೂರಕ್ಕೆ ನೂರೂ ಬೇಜಾರು ಅಂತಾರೆ. ಒಂದು ದಿನ ಕಳಿಸದೇ ನೋಡೋದು ಅದೇ ಪ್ರಶ್ನೆ, ಉತ್ತರ ಮಾತ್ರ ನಿಜವಾದದ್ದು.

ಹಳೇ_ಕಂಪನಿ
ಗಿರಾಕಿ ನಂಬಿ ಕೂತಿರುವಾಗ ಬೇಕಂತ ಕಳಿಸದೇ ಇರೋದು ನನಗೆ ಸರಿ ಕಾಣಲ್ಲ. ಆ ದಿನ ಒಂದು ಮದುವೆ ಬ್ಲೌಸ್ ತಪ್ಪಿ ಹೋದ್ರೆ ಆ ಹೆಣ್ಣುಮಗಳಿಗೆ ಯಾರು ಉತ್ತರ ಕೊಡ್ತಾರೆ? ಟೈಲರ್ ಹೆಸರು ಹಾಳಾಗುತ್ತೆ. ಪ್ರಯೋಗದ ಖರ್ಚು ಅವರ ತಲೆ ಮೇಲೆ ಹೋಗಬಾರದು.

ಕುಡ್ಲದ_ಕೋಡರ್
ಹೌದು, ಅದು ಸರಿ. ಹಾಗಾದ್ರೆ ಮೊದಲೇ ಹೇಳಿ: ಎರಡು ವಾರ ಉಚಿತ, ಆಮೇಲೆ ಬೇಕಿದ್ರೆ ತಿಂಗಳಿಗೆ ಇಷ್ಟು. ನೀವಾಗಿ ಕೇಳಬೇಡಿ. ಮುಂದುವರಿಸಿ ಅಂತ ಅವರೇ ದುಡ್ಡು ಹಾಕಿದ್ರೆ ಅದೇ ಉತ್ತರ. ನೋಟ್‌ಬುಕ್ ಹೇಗೂ ಅವರ ಹತ್ರ ಇರ್ತದೆ, ಯಾವ ಬ್ಲೌಸೂ ತಪ್ಪುವುದಿಲ್ಲ.

ಹಳೇ_ಕಂಪನಿ
ಇದಕ್ಕೆ ನನ್ನ ತಕರಾರಿಲ್ಲ. ಆಟೋಪೇ ಮಾತ್ರ ಬೇಡ, ಪ್ರತಿ ತಿಂಗಳೂ ಅವರೇ ಕೈಯಾರೆ ಹಾಕಲಿ.

ಫ್ರೀಮಾಂಟ್_ಕನ್ನಡಿಗ
ಹೂಡಿಕೆ ವಿಷಯಕ್ಕೆ ಒಂದು ಮಾತು. ಡೌನ್‌ಲೋಡ್ ಗ್ರಾಫ್ ನೋಡಿ ದುಡ್ಡು ಕೊಡೋರು ಸಿಗಬಹುದು. ಸಿಕ್ಕಿದ್ರೆ ತೊಂದರೆ ಅಲ್ಲಿಂದಲೇ ಶುರು, ಮುಂದಿನ ವರ್ಷ ಅದೇ ಗ್ರಾಫ್ ಹತ್ತುಪಟ್ಟು ಬೇಕು ಅಂತಾರೆ. ಆಗ ಇಡೀ ತಂಡ ಜಾಹೀರಾತಿನ ಹಿಂದೆ ಬೀಳುತ್ತೆ, ಅಕ್ಕನಂಥವರ ಅಂಗಡಿಗೆ ಹೋಗಿ ಕೂರೋಕೆ ಯಾರಿಗೂ ಹೊತ್ತಿರಲ್ಲ. ಹೋಗುವುದಾದ್ರೆ ಉಳಿದವರ ಲೆಕ್ಕ ತಗೊಂಡು ಹೋಗಿ, ಅದು ಎಷ್ಟೇ ಸಣ್ಣದಿರಲಿ.

ಸೂಜಿದಾರ
ಜೊತೆಗಾರರಿಗೆ ಈ ಎಳೆ ಪೂರ್ತಿ ಓದಿಸಿದೆ. ಗ್ಯಾಲರಿ, ಕ್ಯಾಟಲಾಗು ಸದ್ಯಕ್ಕೆ ನಿಲ್ಲಿಸಿದೀವಿ. ದಾವಣಗೆರೆಯಲ್ಲಿ ನಾಲ್ಕು ಅಂಗಡಿಯವರು ಫೋಟೋ ಕಳಿಸೋಕೆ ಒಪ್ಪಿದಾರೆ, ಆಟೋಪೇ ಇಲ್ಲದೆ. ಅವರಲ್ಲಿ ಒಬ್ಬರು ಮಾತಿನ ನಡುವೆ ಇನ್ನೊಂದು ಕೇಳಿದ್ರು: ಆರ್ಡರ್ ನಂಬರಿನ ಒಂದು ಚೀಟಿ ಪ್ರಿಂಟ್ ಆಗಿ ಬಂದ್ರೆ ಬಟ್ಟೆಗೇ ಪಿನ್ ಹೊಡೀಬಹುದಲ್ಲ, ಚೂರು ಕತ್ತರಿಸೋದು ತಪ್ಪುತ್ತೆ ಅಂತ. ಬಿಲ್ ಹಾಕೋ ಬ್ಲೂಟೂತ್ ಪ್ರಿಂಟರ್ ಸಾಕಾಗುತ್ತಾ? ಯಾರಾದ್ರೂ ಬಳಸಿದೀರಾ?

ಬಯಲುಸೀಮೆ
ಬೇಡ. ಅವು ಥರ್ಮಲ್ ಕಾಗದ, ಶಾಖಕ್ಕೇ ಅಕ್ಷರ ಮೂಡೋದು. ಇಸ್ತ್ರಿ ಪೆಟ್ಟಿಗೆ ತಾಗಿದ್ರೆ ಚೀಟಿ ಪೂರ್ತಿ ಕಪ್ಪಾಗುತ್ತೆ, ನಂಬರ್ ಓದೋಕಾಗಲ್ಲ.

ರಾಣೆಬೆನ್ನೂರ_ಅಕ್ಕ
ಕಾಗದ ಯಾಕ ಬೇಕ್ರೀ? ಲೈನಿಂಗ್ ಬಟ್ಟಿ ಉಳದಿದ್ದು ರಾಶಿ ಬಿದ್ದಿರ್ತೈತಿ. ಅದರ ಪಟ್ಟಿ ಮ್ಯಾಲ ಮಾರ್ಕರ್‌ಲೆ ನಂಬರ್ ಬರದು ಹುಕ್ಸಿನ ಪಟ್ಟಿಗೆ ಒಂದು ಟಾಕಿ ಹಾಕ್ರಿ. ನಿಮ್ಮ ಫೋನ್ ಅದ ನಂಬರ್ ತೋರಿಸಿದ್ರ ಆತು. ನಂಬರ್ ಮಾತ್ರ ದೊಡ್ಡದಾಗಿ ಕಾಣ್ಲಿ, ಮಷಿನ್ ಮ್ಯಾಲ ಕೂತಲ್ಲಿಂದನ ಓದಾಕ ಬರಬೇಕು.